ಡ್ರಿಲ್ ಟೀಚರ್ ಅಲ್ಲಾಡಲಿಲ್ಲ

“ಅಜ್ಜಿ, ನೀನು ಉಸಿರಾದ್ರೂ ಆಡ್ತಿದೀಯಾ?”

“ಶ್! ಮಾತಾಡಿಸಬೇಡ. ಡಬ್ಬಿ ರೀಡಿಂಗ್ ತಗೊಳ್ತಿದೆ.”

ಅಜ್ಜಿ ಕುರ್ಚಿಯಲ್ಲಿ ಗೊಂಬೆಯ ಹಾಗೆ ಕೂತಿದ್ದಳು. ಪಿಟೀಲು ಅವಳ ಸುತ್ತ ಒಂದು ಸುತ್ತು ಹಾಕಿದಳು. ಸದಾ ಏನಾದರೂ ಕುಯ್ಯುತ್ತಿರುತ್ತಾಳೆಂದು ಮೊಮ್ಮಗಳಿಗೆ ಆ ಹೆಸರಿಟ್ಟವಳು ಅಜ್ಜಿಯೇ.

ಕಳೆದ ವಾರ ಅಜ್ಜಿ ಅಡುಗೆಮನೆಯಲ್ಲಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ನಿಂತಿದ್ದಳು. ಅದಕ್ಕೇ ಅಮ್ಮ ಬೆಳಿಗ್ಗೆ ಅವಳನ್ನು ಹಾರ್ಟ್ ಕ್ಲಿನಿಕ್ಕಿಗೆ ಕರೆದೊಯ್ದಿದ್ದಳು. ಅಲ್ಲಿನ ಸಿಸ್ಟರ್ ಅಜ್ಜಿಯ ಎದೆಗೆ ವಯರ್ ಅಂಟಿಸಿ, ಸೊಂಟಕ್ಕೊಂದು ಪುಟ್ಟ ಡಬ್ಬಿ ಸಿಕ್ಕಿಸಿದ್ದರು. “ನಾಳೆವರೆಗೂ ಇದು ನಿಮ್ಮ ಹಾರ್ಟ್ ಹೇಗೆ ಬಡ್ಕೊಳ್ಳುತ್ತೆ ಅಂತ ನೋಡುತ್ತೆ. ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ ಅಮ್ಮಾ. ತಲೆ ಸುತ್ತಿದ್ರೆ ಈ ಬಟನ್ ಒತ್ತಿ,” ಎಂದಿದ್ದರು.

ಮನೆಗೆ ಬಂದವಳೇ ಅಜ್ಜಿ ಕುರ್ಚಿ ಹಿಡಿದಿದ್ದಳು. ರಿಟೈರ್ ಆಗುವವರೆಗೂ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದ ಅಜ್ಜಿ! ಬೀದಿ ನಾಯಿಗೂ “ಲೆಫ್ಟ್, ರೈಟ್” ಹೇಳುವ ಅಜ್ಜಿ!

“ದಿನಾ ನೀನು ಹೀಗೆ ಕೂರ್ತೀಯಾ? ಇದು ಎಕ್ಸಾಮಲ್ಲಿ ಕಾಪಿ ಹೊಡೆದ ಹಾಗೆ.”

“ಪಕ್ಕದವರದ್ದು ನೋಡಿ ಬರೆದ್ರೆ ಕಾಪಿ. ಇದು ನನ್ನದೇ ಹಾರ್ಟ್.” ಅಜ್ಜಿ ತುಟಿ ಮಾತ್ರ ಅಲ್ಲಾಡಿಸಿದಳು.

ಇವಳನ್ನು ಎಬ್ಬಿಸುವುದು ಹೇಗೆಂದು ಪಿಟೀಲಿಗೆ ಗೊತ್ತಿತ್ತು. ಬಾಗಿಲೆದುರಿನ ಅಂಗಳದಲ್ಲಿ ನಿಂತು ಡ್ರಿಲ್ ಶುರು ಮಾಡಿದಳು. ಬೇಕೆಂದೇ ಸೊಟ್ಟ ಸೊಟ್ಟ ಮಾಡಿದಳು. ಬಲಗೈ ಎತ್ತಬೇಕಾದಲ್ಲಿ ಎಡಗಾಲು. ಬಗ್ಗಬೇಕಾದಲ್ಲಿ ಕುಣಿತ.

ಅಜ್ಜಿ ಕಣ್ಣು ಮುಚ್ಚಿದಳು. ಒಂದು ಕಣ್ಣು ತೆರೆದಳು. ಹಲ್ಲು ಕಚ್ಚಿದಳು.

“ಏಯ್! ಅದೇನು ಡ್ರಿಲ್ಲೋ, ಕೆಸರಲ್ಲಿ ಸಿಕ್ಕೊಂಡ ಕೊಕ್ಕರೆಯೋ? ಮೊಣಕಾಲು ಮೇಲೆ! ಇನ್ನೂ ಮೇಲೆ! ಅಯ್ಯೋ, ಸರಿ ಆಚೆ!”

ಅಜ್ಜಿ ಎದ್ದೇ ಬಂದಳು. ಸೆರಗು ಸಿಕ್ಕಿಸಿ ಮೊಣಕಾಲೆತ್ತಿ ತೋರಿಸಿದಳು. “ಒನ್, ಟೂ! ಒನ್, ಟೂ!” ಪಿಟೀಲು ನಗುತ್ತಾ ಜೊತೆಗೆ ಹೆಜ್ಜೆ ಹಾಕಿದಳು.

ಇದ್ದಕ್ಕಿದ್ದಂತೆ “ಟೂ” ಬರಲಿಲ್ಲ.

ಅಜ್ಜಿ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತಳು. ಮುಖ ಬಿಳಚಿಕೊಂಡಿತ್ತು. ಪಿಟೀಲು ಅವಳ ಪಕ್ಕಕ್ಕೆ ಓಡಿದಳು.

“ಅಮ್ಮಾ! ಬೇಗ ಬಾ! ಅಜ್ಜಿ, ತಲೆ ಸುತ್ತುತ್ತಾ? ಬಟನ್ ಒತ್ತು!”

“ಬೇಡ... ಒತ್ತಿದ್ರೆ ಆಪರೇಷನ್ ಅಂತಾರೆ.”

ಅಜ್ಜಿಯ ಧ್ವನಿ ತೀರಾ ಸಣ್ಣದಾಗಿತ್ತು. ಈ ಧ್ವನಿಯನ್ನು ಪಿಟೀಲು ಯಾವತ್ತೂ ಕೇಳಿರಲಿಲ್ಲ. ಇಷ್ಟು ಹೊತ್ತೂ ಅಜ್ಜಿ ಆಟ ಆಡುತ್ತಿರಲಿಲ್ಲ. ಹೆದರಿಕೊಂಡು ಕೂತಿದ್ದಳು.

“ನಾನೂ ನಿನ್ನ ಜೊತೆಗೆ ಒತ್ತಲಾ?”

ಅಜ್ಜಿ ಅವಳ ಬೆರಳು ಹಿಡಿದುಕೊಂಡಳು. ಎರಡು ಬೆರಳು ಸೇರಿ ಬಟನ್ ಒತ್ತಿದವು. ಅಷ್ಟರಲ್ಲಿ ಅಮ್ಮ ಓಡಿ ಬಂದಳು. ಕ್ಲಿನಿಕ್ಕಿಗೆ ಫೋನ್ ಮಾಡಿದಳು. “ಈಗಲೇ ಕರ್ಕೊಂಡು ಬನ್ನಿ,” ಎಂದರು ಅಲ್ಲಿನವರು.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಡಬ್ಬಿ ಬರೆದಿಟ್ಟ ಗೆರೆಗಳನ್ನು ಕಂಪ್ಯೂಟರಿನಲ್ಲಿ ತೋರಿಸಿದರು. “ನೋಡಿ, ಇಲ್ಲಿ ಹಾರ್ಟ್ ಬಡ್ಕೊಳ್ಳೋದನ್ನ ಸ್ವಲ್ಪ ಮರೆತಿದೆ. ಒಳಗೊಂದು ಪುಟ್ಟ ಮೆಷಿನ್ ಇಡ್ತೀವಿ. ಮರೆತಾಗ ಅದು ನೆನಪು ಮಾಡುತ್ತೆ. ಚಿಕ್ಕ ಆಪರೇಷನ್.”

“ನಾನು ಡ್ರಿಲ್ ಮಾಡ್ಸಿದ್ದಕ್ಕೆ ಹೀಗಾಯ್ತಾ?” ಪಿಟೀಲು ಮೆಲ್ಲಗೆ ಕೇಳಿದಳು.

“ಇಲ್ಲಮ್ಮಾ, ಮುಂಚೆಯಿಂದಲೇ ಇತ್ತು. ಸದ್ಯ, ಡಬ್ಬಿ ಇದ್ದಾಗಲೇ ಸಿಕ್ಕಿಬಿತ್ತು.”

ಅಜ್ಜಿ ಗಂಟಲು ಸರಿಮಾಡಿಕೊಂಡಳು. “ಆ ಮೆಷಿನ್ ವಿಸಿಲ್ ಊದುತ್ತಾ ಡಾಕ್ಟ್ರೇ?”

ಡಾಕ್ಟರ್ ಜೋರಾಗಿ ನಕ್ಕರು.

ಅಮ್ಮ ಬೆಡ್ ಕೇಳಲು ಕೌಂಟರಿಗೆ ಹೋದಳು. ಸಿಸ್ಟರ್ ವೀಲ್‌ಚೇರ್ ತಂದರು. ಪಕ್ಕದ ರೂಮಿಗೆ ಅದೆಲ್ಲ ಯಾಕೆಂದು ಅಜ್ಜಿ ನಡೆದೇ ಹೊರಟಳು. ಸಿಸ್ಟರ್ ಖಾಲಿ ಕುರ್ಚಿ ತಳ್ಳುತ್ತಾ ಹಿಂದೆಯೇ ಬಂದರು. ನಾಲ್ಕು ಹೆಜ್ಜೆಗೇ ಅಜ್ಜಿಗೆ ಏದುಸಿರು ಬಂತು. ಆದರೂ ನಿಲ್ಲಲಿಲ್ಲ.

ಪಿಟೀಲು ತಟ್ಟನೆ ನಿಂತಳು. “ಅಯ್ಯೋ, ನನಗೆ ಕಾಲು ನೋವು. ಈ ಕುರ್ಚಿಯಲ್ಲಿ ಕೂರಲಾ? ಒಬ್ಬಳೇ ಕೂತ್ರೆ ನಗ್ತಾರೆ. ನೀನು ಕೂತ್ಕೋ, ನಾನು ತುದಿಯಲ್ಲಿ ಕೂರ್ತೀನಿ.”

ಅಜ್ಜಿ ಮೊಮ್ಮಗಳ ಮುಖವನ್ನೇ ನೋಡಿದಳು. ಆಮೇಲೆ ಕೂತು, ಸ್ವಲ್ಪ ಸರಿದು ಜಾಗ ಮಾಡಿದಳು.

“ತುಂಬಾ ನೋವಾ?”

“ಹೂಂ, ತುಂಬಾ,” ಎಂದಳು ಪಿಟೀಲು.