ರುದ್ರವ್ವಜ್ಜಿಯ ಅಂಗಳಕ್ಕೆ ಬಿದ್ದ ಚೆಂಡು

“ಸಚಿನ್ ಅಂದ್ರ ಸಚಿನ್! ನೂರು ಸೆಂಚುರಿ ಹೊಡದಾನ. ಮುಗೀತು!” ವಿದ್ಯಾವತಿ ಬ್ಯಾಟನ್ನು ನೆಲಕ್ಕೆ ಕುಟ್ಟಿದಳು.

“ಹೆಂಗ ಮುಗೀತು? ಚೇಸಿಂಗ್‌ನ್ಯಾಗ ಕೊಹ್ಲಿ ಮುಂದ ಯಾರ ಅದಾರ, ಹೇಳು?” ನಜಮಾ ಚೆಂಡನ್ನು ಎದೆಗೊತ್ತಿ ಹಿಡಿದಳು.

ಇಬ್ರಾಹಿಂಪುರದ ಆ ಓಣಿಯಲ್ಲಿ ಆಟ ನಿಂತು ಅರ್ಧ ಗಂಟೆಯಾಗಿತ್ತು. ಐದನೆಯ ತರಗತಿಯ ಒಂದೇ ಬೆಂಚಿನ ಗೆಳತಿಯರು ಇವರು. ಇವತ್ತು ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು.

“ನಿನಗ ಕ್ರಿಕೆಟ್ ತಿಳಿಯೂದಿಲ್ಲ ಬಿಡು,” ವಿದ್ಯಾವತಿಯ ಬಾಯಿ ಜಾರಿತು. “ಚೆಂಡ ತರಾಕ ಅಷ್ಟ ಲಾಯಕ್ ನೀ!”

ನಜಮಾಳ ಕಣ್ಣು ತುಂಬಿದವು. ಚೆಂಡು ಹಿಡಿದುಕೊಂಡು ಮನೆಗೆ ಹೋಗಿಬಿಟ್ಟಳು.

ಬ್ಯಾಟು ಇಲ್ಲಿ, ಚೆಂಡು ಅಲ್ಲಿ. ಎರಡು ದಿನ ಆಟವೇ ಇಲ್ಲ. ಶಾಲೆಯಲ್ಲಿ ನಜಮಾ ಹಿಂದಿನ ಬೆಂಚಿಗೆ ಹೋಗಿ ಕುಳಿತಳು. ಒಬ್ಬಳೇ ಕುಳಿತ ವಿದ್ಯಾವತಿ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಡಬ್ಬಿ ಮುಚ್ಚಿದಳು.

ಮೂರನೆಯ ದಿನ ಅವಳ ತಮ್ಮ ಮುತ್ತು ಮಂಚದ ಕೆಳಗಿನಿಂದ ಒಂದು ಹಳೆಯ ಚೆಂಡು ಹುಡುಕಿ ತಂದ. ಅವನು ಎಸೆದ, ಅಕ್ಕ ಬೀಸಿದಳು. ಚೆಂಡು ಗೋಡೆ ದಾಟಿ ರುದ್ರವ್ವಜ್ಜಿಯ ಅಂಗಳಕ್ಕೆ ಬಿತ್ತು. ಬೇಸಿಗೆ ಬಂತೆಂದರೆ ಅಜ್ಜಿ ಅಲ್ಲಿ ಶ್ಯಾವಿಗೆ ಒಣಹಾಕುತ್ತಾಳೆ. ಅದಕ್ಕೇ ಓಣಿಯಲ್ಲಿ ಒಂದು ಕಾನೂನು: ಅಲ್ಲಿಗೆ ಹೊಡೆದವರು ಔಟ್, ಚೆಂಡನ್ನೂ ಅವರೇ ಹೋಗಿ ತರಬೇಕು.

ವಿದ್ಯಾವತಿ ಅಲ್ಲಿಗೆ ಎಷ್ಟೋ ಸಲ ಹೊಡೆದಿದ್ದಳು, ಒಮ್ಮೆಯೂ ಹೋಗಿರಲಿಲ್ಲ. “ನೀ ನಿಂದರ, ನಾ ತರ್ತೀನಿ” ಎಂದು ನಜಮಾ ಓಡುತ್ತಿದ್ದಳು.

ಇವತ್ತು ಯಾರೂ ಓಡಲಿಲ್ಲ. ಮುತ್ತುವಂತೂ ಮಂಗಮಾಯ. ವಿದ್ಯಾವತಿಯೇ ಹೆದರುತ್ತ ಬಾಗಿಲು ತಳ್ಳಿದಳು.

“ನನ್ನ ಶ್ಯಾವಿಗಿ ಎಲ್ಲಾ ಮಣ್ಣ ಆತು! ಕಣ್ಣ ಕಾಣಂಗಿಲ್ಲೇನ ನಿಮಗ?” ಅಜ್ಜಿ ಮನಸಾರೆ ಬೈದಳು. ಬೈದು ಸಾಕಾದ ಮೇಲೆ ಅವಳ ಮುಖ ನೋಡಿದಳು. “ಅಲ್ಲಾ, ದಿನಾ ಚೆಂಡ ಹೊಡಿಯಾಕಿ ಎಲ್ಲಿ ಹೋಗ್ಯಾಳ?”

“ಯಾರ್ರೀ ಆಯಿ?”

“ಆಕಿ, ನಜಮಾ. ‘ನಾನ ಹೊಡದೇನ್ರಿ ಆಯಿ, ಬೈರಿ’ ಅಂತ ಬಂದು ನಿಂದರತಾಳ. ಬೈಸ್ಕೊಂಡು, ಶ್ಯಾವಿಗಿ ನೆಟ್ಟಗ ಮಾಡಿ ಹೋಗತಾಳ. ಅಗದಿ ಜೋರ ಹೊಡಿತಾಳ ಬಿಡವಾ ಆಕಿ!”

ನಾಚಿಕೆಯಿಂದ ವಿದ್ಯಾವತಿಯ ಕಿವಿ ಬಿಸಿಯಾದವು. ಕುಕ್ಕರಗಾಲಲ್ಲಿ ಕುಳಿತು ಶ್ಯಾವಿಗೆಯೊಳಗಿನ ಹರಳು ಆರಿಸತೊಡಗಿದಳು.

ಸಂಜೆ ಅವಳು ಬ್ಯಾಟು ಹಿಡಿದು ನಜಮಾಳ ಬಾಗಿಲಲ್ಲಿ ನಿಂತಿದ್ದಳು. “ನಾ ಹಂಗ ಅನಬಾರದಿತ್ತು. ಬಾ ಬೇ, ಇವತ್ತ ಮೊದಲ ಬ್ಯಾಟಿಂಗ್ ನಿಂದು.”

“ಕೊಹ್ಲಿನ ಗ್ರೇಟ್ ಅಂತ ಒಪ್ಕೊಂಡಿ?”

“ಇಲ್ಲ. ಸಚಿನ್ನ!”

ನಜಮಾಳಿಗೆ ನಗು ತಡೆಯಲಾಗಲಿಲ್ಲ.

ಆಟ ಶುರುವಾಯಿತು. ಎರಡನೆಯ ಚೆಂಡಿಗೇ ನಜಮಾ ಕಣ್ಣು ಮುಚ್ಚಿ ಬೀಸಿದಳು. ಚೆಂಡು ಗೋಡೆ ದಾಟಿತು. ಅವಳು ಬ್ಯಾಟು ಬಿಟ್ಟು ಹೊರಡುವಷ್ಟರಲ್ಲಿ ವಿದ್ಯಾವತಿ ಓಡಿಯಾಗಿತ್ತು.

“ನೀ ನಿಂದರ, ನಾ ತರ್ತೀನಿ!”

ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಅವಳ ದನಿ ಕೇಳಿಸಿತು:

“ನಾನ ಹೊಡದೇನ್ರಿ ಆಯಿ, ಬೈರಿ.”