ಕಾಗದದ ತೋಟಾಗಳು

ಮಾವನಿಗೆ ಕಣ್ಣು ಮಂಜಾಗಿ, ಅವರ ಹೆಸರಿನಲ್ಲಿದ್ದ ಕೋವಿಯನ್ನು ಮರುದಿನ ಠಾಣೆಗೆ ಒಪ್ಪಿಸಬೇಕಿತ್ತು. ನನ್ನ ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ತೆರೆಯದ ಬೀರುವಿನಲ್ಲಿ ತಗಡಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಅವರಜ್ಜನ ಕಾಲದ ಐದು ಕಾಗದದ ತೋಟಾಗಳಿದ್ದವು.

ಅಂಥವು ತೇವಕ್ಕೆ ಉಬ್ಬಿ ನಳಿಗೆಯೊಳಗೆ ಕೂರುವುದಿಲ್ಲ. ಅದಕ್ಕೇ ಹಾರಿಸುವ ಮುನ್ನ ನನ್ನ ಗಂಡ ಅವಕ್ಕೆ ಮೇಣದಬತ್ತಿ ಉಜ್ಜುತ್ತಿದ್ದರು. ನಾನೂ ಬತ್ತಿ ತಂದೆ. ತೋಟಾಗಳ ಮೇಲೆ ಆಗಲೇ ಮೇಣವಿತ್ತು, ಬೆರಳಿಗೆ ಅಂಟುವಷ್ಟು ಮೆತ್ತಗೆ.

“ನೀವು ಉಜ್ಜಿದ್ರಾ, ಮಾವ?”

“ನನ್ನ ಚಪ್ಪಲೀನೇ ನನಗೆ ಕಾಣಲ್ಲ, ತಾಯಿ. ಹಾರಿಸಿ ಮುಗಿಸಿಬಿಡು.”

ಹಿತ್ತಲಿನ ಮಣ್ಣುದಿಬ್ಬಕ್ಕೆ ಗುರಿಯಿಟ್ಟೆ. ಹಿಂದೆಲ್ಲ ನನ್ನ ಗಂಡ ಬೆನ್ನಹಿಂದೆ ನಿಂತು, ಕೋವಿಗೂ ನನ್ನ ಭುಜಕ್ಕೂ ನಡುವೆ ತಮ್ಮ ಅಂಗೈ ಇಡುತ್ತಿದ್ದರು. ಈಡು ಹಾರಿತು. ಕೋವಿ ಒದೆಯಲಿಲ್ಲ. ಉರಿಬಿಸಿಲಿನಲ್ಲಿ ಭುಜದ ಅಂಗೈಯಗಲ ಜಾಗ ಮಾತ್ರ ತಣ್ಣಗಿತ್ತು. ಇನ್ನೂ ಮೂರು ಹಾರಿಸಿದೆ, ಹಾಗೆಯೇ ಆಯಿತು. ತಿರುಗಿದರೆ ಹೋಗಿಬಿಡುತ್ತಾರೇನೋ ಎಂದು ಒಮ್ಮೆಯೂ ತಿರುಗಲಿಲ್ಲ.

“ಕೊನೇದು ನನಗಿರಲಿ,” ಎಂದು ಮಾವ ಕೈಚಾಚಿದರು.

ಕೊಡಲು ಮನಸ್ಸಿರಲಿಲ್ಲ. ಆದರೆ ಅವರೂ ಮಗನನ್ನು ಕಳೆದುಕೊಂಡವರು. ನಳಿಗೆಯನ್ನು ದಿಬ್ಬದತ್ತ ತಿರುಗಿಸಿ ಕೊಟ್ಟೆ. ಈಡು ಹಾರಿದಾಗ ಎರಡು ಹೆಜ್ಜೆ ಹಿಂದಕ್ಕೆ ತತ್ತರಿಸಿದರು.

“ಅಯ್ಯಪ್ಪಾ, ಕತ್ತೆ ಒದ್ದಂಗಾಯ್ತು!”

ಸಂಜೆ ಅವರ ಭುಜ ನೀಲಿಗಟ್ಟಿತ್ತು. ಎಣ್ಣೆ ಹಚ್ಚುತ್ತಿದ್ದಾಗ ಕೇಳಿದರು: “ನಿನಗೆ ನೋವಾಗ್ಲಿಲ್ವಾ?”

“ಇಲ್ಲ ಮಾವ.”

“ನಾಲ್ಕಕ್ಕೂ?”

“ನಾಲ್ಕಕ್ಕೂ.”

ಮಾವ ಅಂಗಿ ಏರಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು.