ಸರೋಜಮ್ಮ ಬರೆಯದೆ ಬಿಟ್ಟ ಮಾತು

ಸೋಮವಾರ ಬೆಳಿಗ್ಗೆ 10.40ಕ್ಕೆ ಇಬ್ಬರು ಹೆಂಗಸರು ಠಾಣೆಯ ಮೆಟ್ಟಿಲು ಹತ್ತಿದರು. ಜಯಲಕ್ಷ್ಮಿಪುರಂನ ಸುಷ್ಮಾ, ಇಪ್ಪತ್ತೇಳು ವರ್ಷ. ಜೊತೆಗೆ ಅವಳ ಅತ್ತೆ ಸುಂದರಮ್ಮ. ಮಂಡಿನೋವಿಗೆಂದು ಅಗ್ರಹಾರದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗಿದ್ದ ಸುಷ್ಮಾಳ ಮೇಲೆ ಶನಿವಾರ ಸಂಜೆ ಅಲ್ಲಿನ ಥೆರಪಿಸ್ಟ್ ವಿಜಯ್‌ಕುಮಾರ್ ಕೋಣೆಯ ಚಿಲಕ ಹಾಕಿ ಅತ್ಯಾಚಾರ ಮಾಡಿದ್ದ.

ಹೇಳಿಕೆ ಬರೆದುಕೊಂಡವರು ಹೆಡ್ ಕಾನ್‌ಸ್ಟೇಬಲ್ ಸರೋಜಮ್ಮ. ಹತ್ತೊಂಬತ್ತು ವರ್ಷದ ಸರ್ವೀಸು; ಅಕ್ಷರ ದುಂಡಗೆ, ಮನಸ್ಸು ಮೆತ್ತಗೆ. ಹೆಣ್ಣುಮಗಳ ಮರ್ಯಾದೆ ಉಳಿಯಲಿ ಅಂತ ಇಂಥ ಕಡೆ ಅವರ ಪೆನ್ನು ತಾನಾಗೇ ಬಳಸುದಾರಿ ಹಿಡಿಯುತ್ತಿತ್ತು. ಬರೆದಾದ ಮೇಲೆ ನಿಯಮದಂತೆ ಓದಿ ಹೇಳಿದರು: "ಸದರಿ ಆಸಾಮಿಯು ನನ್ನೊಂದಿಗೆ ಅಸಭ್ಯವಾಗಿ ವರ್ತಿಸಿದ್ದು..."

ಸುಷ್ಮಾ ಸಹಿ ಹಾಕಲಿಲ್ಲ. "ನಾನು ಹಾಗೆ ಹೇಳ್ಲಿಲ್ಲ, ಮೇಡಂ."

"ಅದೇ ಅರ್ಥ ಕಣಮ್ಮ. ನಾಳೆ ನಾಲ್ಕು ಜನ ಓದ್ತಾರೆ, ನಿಂಗೇ ಮುಜುಗರ."

"ಮುಜುಗರ ಅವನಿಗಾಗ್ಲಿ," ಅಂದರು ಸುಂದರಮ್ಮ. "ಎರಡು ದಿನ ಅನ್ನ ಮುಟ್ಟದೆ ಕೂತಿದ್ದವಳು ಈಗ ಬಾಯಿಬಿಟ್ಟಿದ್ದಾಳೆ. ಹೇಳಿದ ಹಾಗೇ ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ಸಿದ್ದರಾಜು ಹಾಳೆ ನೋಡಿದರು. "ಸರೋಜಮ್ಮ, ಹಿಂಗೆ ಬರೆದ್ರೆ ಬೀಳೋ ಸೆಕ್ಷನ್ನೇ ಬೇರೆ. ಜಾಮೀನು ತಗೊಂಡು ಮನೆಗೆ ಹೋಗ್ತಾನೆ. ಹೊಸದಾಗಿ ಬರೀರಿ."

11.50ಕ್ಕೆ ಸುಷ್ಮಾಳ ಮಾತಿನಲ್ಲೇ ಎಫ್‌ಐಆರ್ ದಾಖಲಾಯಿತು. ಪ್ರತಿಯನ್ನು ಅವಳ ಕೈಗೆ ಕೊಟ್ಟು, ವೈದ್ಯಕೀಯ ತಪಾಸಣೆಗೆ ಕಳಿಸಿದರು. ವಿಜಯ್‌ಕುಮಾರ್ ತಲೆಮರೆಸಿಕೊಂಡಿದ್ದ. ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಪಂಚನಾಮೆ ನಡೆಸಿ ಹಾಸಿಗೆಯ ಹೊದಿಕೆ, ರೋಗಿಗಳ ಪುಸ್ತಕ ವಶಪಡಿಸಿಕೊಂಡರು. ಪುಸ್ತಕ ತಿರುವುತ್ತಿದ್ದ ಸರೋಜಮ್ಮನ ಕೈ ಒಂದು ಹೆಸರಿನ ಮೇಲೆ ನಿಂತಿತು. ಲಹರಿ, ಬನ್ನಿಮಂಟಪ. ಹತ್ತು ಸಲ ಬರಬೇಕಿದ್ದವಳು ಎರಡೇ ಸಲ ಬಂದಿದ್ದಳು.

ಠಾಣೆಗೆ ಮರಳಿದವರೇ ಹಳೇ ಅರ್ಜಿಗಳ ರಿಜಿಸ್ಟರ್ ತೆಗೆದರು. ಹೋದ ವರ್ಷದ ಜುಲೈ. ಅರ್ಜಿದಾರಳು ಲಹರಿ, ಎದುರುದಾರ ವಿಜಯ್‌ಕುಮಾರ್. 'ಅಸಭ್ಯ ವರ್ತನೆ. ಎಚ್ಚರಿಕೆ ನೀಡಿ ಕಳುಹಿಸಲಾಗಿದೆ.' ಪುಟ ಹರಿದು ಎಸೆಯೋಣ ಅಂತ ಒಂದು ಗಳಿಗೆ ಅನ್ನಿಸಿದ್ದೂ ಸುಳ್ಳಲ್ಲ. ಆದರೆ ರಿಜಿಸ್ಟರ್ ಹಿಡಿದು ನೇರ ಸಿದ್ದರಾಜು ಮುಂದೆ ನಿಂತರು.

"ಸರ್, ಇದು ನನ್ನ ಅಕ್ಷರ."

"ಹಾಗಾದ್ರೆ ಅವಳ ಮನೆಗೆ ನೀವೇ ಹೋಗ್ಬೇಕು."

ಮಂಗಳವಾರ ಸಂಜೆ ನಾಲ್ಕಕ್ಕೆ ಸರೋಜಮ್ಮ ಯೂನಿಫಾರಂ ಬಿಟ್ಟು ಸೀರೆಯುಟ್ಟು ಬನ್ನಿಮಂಟಪಕ್ಕೆ ಹೋದರು. ಲಹರಿ ಗ್ರಿಲ್ ಬಾಗಿಲ ಹಿಂದೆಯೇ ನಿಂತಳು.

"ಅವತ್ತು ನೀವು ಹೇಳಿದ್ದನ್ನ ನಾನು ಬರೀಲಿಲ್ಲ. ತಪ್ಪಾಯ್ತು," ಅಂದರು ಸರೋಜಮ್ಮ. "ಈಗ ಇನ್ನೊಬ್ಬರು ಅವನ ಮೇಲೆ ದೂರು ಕೊಟ್ಟಿದ್ದಾರೆ. ನೀವೂ ಹೇಳ್ಲೇಬೇಕು ಅಂತೇನಿಲ್ಲ."

ಲಹರಿ ಗ್ರಿಲ್ಲಿನ ಹತ್ತಿರ ಬಂದಳು. "ಅವ್ರು ಅತ್ಯಾಚಾರ ಅಂತಲೇ ಬರೆಸಿದ್ರಾ?"

"ಹೂಂ. ಹಾಗಂತಲೇ."

ಗ್ರಿಲ್ಲಿನ ಅಗುಳಿ ಸರಿಯಿತು. "ಒಳಗೆ ಬನ್ನಿ. ನಂದೂ ಬರ್ಕೊಳ್ಳಿ."

ಬುಧವಾರ ಬೆಳಿಗ್ಗೆ 7.20ಕ್ಕೆ ನಂಜನಗೂಡಿನ ಅಕ್ಕನ ಮನೆಯಲ್ಲಿ ವಿಜಯ್‌ಕುಮಾರ್ ಸಿಕ್ಕಿಬಿದ್ದ. ಶುಕ್ರವಾರ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಡಲು ಬಂದ ಸುಷ್ಮಾ, ಲಹರಿ ಒಂದೇ ಬೆಂಚಿನಲ್ಲಿ ಕೂತರು. ಸುಂದರಮ್ಮ ಇಬ್ಬರಿಗೂ ಮನೆಯಿಂದ ತಂದ ಮಜ್ಜಿಗೆ ಕೊಟ್ಟರು.

ಬಂಧನದ ದಿನ ಸಿದ್ದರಾಜು ಅವನನ್ನು ಕೇಳಿದ್ದರು: "ಹೋದ ವರ್ಷ ಠಾಣೆಗೆ ಕರೆಸಿದಾಗ ಹೆದರಿಕೆ ಆಗ್ಲಿಲ್ವ?"

"ಆಗಿತ್ತು ಸರ್. ಎಚ್ಚರಿಕೆ ಕೊಟ್ಟು ಕಳಿಸಿಬುಟ್ರಲ್ಲ. ಆಮೇಲೆ ಇಷ್ಟೇ ತಾನೇ ಅನ್ನಿಸ್ತು."

ಆ ಮಾತನ್ನೂ ಸರೋಜಮ್ಮ ಅವನು ಹೇಳಿದ ಹಾಗೇ ಬರೆದರು. ಓದಿ ಹೇಳುವಾಗ ಒಂದಕ್ಷರವನ್ನೂ ಬಿಡಲಿಲ್ಲ.